ಮನವೊಲಿಸುವ ಭಾಷಣದ ತಯಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೇಳುಗರನ್ನು ಒಪ್ಪಿಸಬೇಕಾದ ಭಾಷಣವನ್ನು ಹೇಗೆ ಯೋಜಿಸಬೇಕು, ಹೇಗೆ ಜೋಡಿಸಬೇಕು ಎಂದು ಕೇಳಿ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ. ವೇದಿಕೆ ಹತ್ತಿದಾಗ ಕೈ ನಡುಗುವುದು, ಗಂಟಲು ಒಣಗುವುದು ಬೇರೆಯೇ ವಿಷಯ, ಅದನ್ನು ಇಲ್ಲಿ ಮುಟ್ಟಿಲ್ಲ.

ಪ್ರಶ್ನೆ: ಕಾಲೇಜಿನಲ್ಲಿ ರಕ್ತದಾನದ ಬಗ್ಗೆ 8 ನಿಮಿಷ ಮಾತಾಡಬೇಕಿದೆ. ಓದಿ ಓದಿ 14 ಪುಟ ಟಿಪ್ಪಣಿ ಮಾಡಿಕೊಂಡಿದ್ದೇನೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ ಗೊತ್ತಾಗುತ್ತಿಲ್ಲ.

ಉತ್ತರ: ಟಿಪ್ಪಣಿಯನ್ನು ಸದ್ಯಕ್ಕೆ ಮುಚ್ಚಿಡಿ. ಖಾಲಿ ಹಾಳೆ ತೆಗೆದುಕೊಂಡು ಒಂದೇ ವಾಕ್ಯ ಬರೆಯಿರಿ: ನಿಮ್ಮ ಮಾತು ಕೇಳಿ ಎದ್ದವರು ಏನು ಮಾಡಬೇಕು? ‘ರಕ್ತದಾನದ ಮಹತ್ವ ತಿಳಿಸುವುದು’ ಎಂದು ಬರೆದರೆ ಅದು ಪಾಠದ ಗುರಿ. ‘ಎಲ್ಲರೂ ರಕ್ತದಾನ ಮಾಡಬೇಕು’ ಎಂದು ಬರೆದರೆ ಯಾರು, ಯಾವಾಗ ಎಂಬುದೇ ಇಲ್ಲ, ಕೇಳಿದವರು ತಲೆಯಾಡಿಸಿ ಮನೆಗೆ ಹೋಗುತ್ತಾರೆ. ‘ಇದುವರೆಗೆ ಒಮ್ಮೆಯೂ ರಕ್ತ ಕೊಡದ, ಆದರೆ ಕೊಡಲು ಅರ್ಹರಾದ ವಿದ್ಯಾರ್ಥಿಗಳು ಮುಂದಿನ ಶುಕ್ರವಾರದ ಶಿಬಿರಕ್ಕೆ ಇವತ್ತೇ ಹೆಸರು ಬರೆಸಬೇಕು’ ಎಂಬುದು ಗುರಿ. ಕೆಲಸ ಆಯಿತೋ ಇಲ್ಲವೋ ಎಂದು ಸಂಜೆ ಪಟ್ಟಿ ನೋಡಿ ಎಣಿಸಬಹುದು.

ಮುಂದಿನ ಪ್ರಶ್ನೆ, ಅವರು ಈವರೆಗೆ ಯಾಕೆ ಕೊಟ್ಟಿಲ್ಲ ಎಂಬುದು. ಇದನ್ನು ಊಹಿಸಬೇಡಿ. ಅಂದು ಎದುರು ಕೂರಲಿರುವವರ ಪೈಕಿ ಐದಾರು ಜನರನ್ನು ಮಾತಿಗೆಳೆದು ಕೇಳಿ, ಅವರು ಹೇಳಿದ್ದನ್ನು ಅವರದೇ ಮಾತಲ್ಲಿ ಬರೆದುಕೊಳ್ಳಿ. ಸೂಜಿ ಅಂದರೆ ಭಯ, ಕೊಟ್ಟರೆ ನಿಶ್ಶಕ್ತಿ ಬರುತ್ತೆ, ಪುರುಸೊತ್ತಿಲ್ಲ, ನಾನೊಬ್ಬ ಕೊಡದಿದ್ದರೆ ಯಾರಾದರೂ ಕೊಡ್ತಾರೆ ಬಿಡಿ. ಸಾಮಾನ್ಯವಾಗಿ ಸಿಗುವುದು ಇಂಥ ಉತ್ತರಗಳು. ‘ರಕ್ತದಾನ ಒಳ್ಳೆಯದಲ್ಲ’ ಎನ್ನುವವರು ಇದರಲ್ಲಿ ಒಬ್ಬರೂ ಇಲ್ಲ. ಅಂದಮೇಲೆ ಅದು ಪುಣ್ಯದ ಕೆಲಸ ಎಂದು ಸಾಧಿಸುವುದಕ್ಕೆ ನಾಲ್ಕು ನಿಮಿಷ ಸುರಿಯುವುದು ದಂಡ. ಹೆಚ್ಚಿನ ಭಾಷಣಗಳು ಸೋಲುವುದು ಇಲ್ಲಿಯೇ. ಕೇಳುಗರು ಮೊದಲೇ ಒಪ್ಪಿಕೊಂಡದ್ದನ್ನು ಮತ್ತೆ ಮತ್ತೆ ಸಾಧಿಸಿ, ಅವರನ್ನು ನಿಜವಾಗಿ ತಡೆದು ನಿಲ್ಲಿಸಿದ್ದನ್ನು ಮುಟ್ಟದೆ ಇಳಿದುಬರುತ್ತವೆ.

ಈಗ 14 ಪುಟ ತೆರೆಯಿರಿ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳ ಬಗ್ಗೆ ಪ್ರಕಟಿಸಿದ ವಿಷಯ ಕುತೂಹಲದ್ದೇ ಹೌದು, ಆದರೆ ಮೇಲಿನ ಯಾವ ಹಿಂಜರಿಕೆಗೂ ಅದು ಉತ್ತರವಲ್ಲ. ತೆಗೆದುಹಾಕಿ. ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ 5 ದಿನ, ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ ಇಡಬಹುದು ಎಂಬ ಸಾಲನ್ನು ಇಟ್ಟುಕೊಳ್ಳಿ. ‘ಯಾರಾದರೂ ಕೊಡ್ತಾರೆ’ ಎಂಬುದಕ್ಕೆ ಅದೇ ನೇರ ಉತ್ತರ, ಯಾಕೆಂದರೆ ಕಳೆದ ವರ್ಷ ಯಾರೋ ಕೊಟ್ಟದ್ದು ಈಗ ಉಳಿದಿಲ್ಲ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ, ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರ್, ಅದರ ದ್ರವಭಾಗ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಇದು ನಿಶ್ಶಕ್ತಿಯ ಮಾತಿಗೆ. ಸೂಜಿ ಚುಚ್ಚಿಕೊಂಡಿರುವ ಹೊತ್ತು ಸುಮಾರು 10 ನಿಮಿಷ. ಇದು ಭಯಕ್ಕೂ ಆಯಿತು, ಪುರುಸೊತ್ತಿಗೂ ಆಯಿತು.

ಹೀಗೆ ಸೋಸಿದ ಮೇಲೆ ಉಳಿಯುವುದು ಮೂರು ಅಂಶ. ಪ್ರತಿಯೊಂದನ್ನೂ ಪೂರ್ತಿ ವಾಕ್ಯವಾಗಿ ಬರೆಯಿರಿ. ‘ಸಂಗ್ರಹದ ಸಮಸ್ಯೆ’ ಎಂದು ಬರೆದರೆ ಅದು ಬರೀ ತಲೆಬರಹ, ವಾದವಲ್ಲ. ‘ರಕ್ತವನ್ನು ವರ್ಷಗಟ್ಟಲೆ ಕೂಡಿಡಲು ಬರುವುದಿಲ್ಲ, ಹಾಗಾಗಿ ಹೊಸಬರು ಕೊಡುತ್ತಲೇ ಇರಬೇಕು’ ಎಂದು ಬರೆದಾಗ ವಾದ. ವಾಕ್ಯ ಮಾಡಲು ಆಗದಿದ್ದರೆ ಆ ಅಂಶದ ಬಗ್ಗೆ ನಿಮಗೇ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ. ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಿ. ಗುರಿಯ ವಾಕ್ಯ ಓದಿ ‘ಯಾಕೆ?’ ಎಂದು ಕೇಳಿ, ಅಂಶದ ವಾಕ್ಯ ಓದಿ. ಪ್ರಶ್ನೆಗೆ ಉತ್ತರದಂತೆ ಕೂತರೆ ಇಟ್ಟುಕೊಳ್ಳಿ, ಕೂರದಿದ್ದರೆ ಅದು ಎಷ್ಟೇ ಸೊಗಸಾಗಿದ್ದರೂ ಬೇರೆ ಭಾಷಣಕ್ಕೆ ಸೇರಿದ್ದು.

8 ನಿಮಿಷಕ್ಕೆ ಮೂರು ಅಂಶ ಸಾಕು. ನಾಲ್ಕನೆಯದು ಬಂದರೆ ಪ್ರತಿಯೊಂದಕ್ಕೂ ಒಂದೂವರೆ ನಿಮಿಷವೂ ಸಿಗದೆ ಎಲ್ಲವೂ ಬರೀ ಘೋಷಣೆಯಾಗಿಬಿಡುತ್ತವೆ.

ಪ್ರಶ್ನೆ: ‘ಸಮಸ್ಯೆ, ಕಾರಣ, ಪರಿಹಾರ’ ಎಂಬ ಕ್ರಮವನ್ನೇ ಎಲ್ಲರೂ ಹೇಳಿಕೊಡುತ್ತಾರೆ. ಬೇರೆ ಕ್ರಮಗಳಿಲ್ಲವೇ? ಯಾವುದು ಯಾವಾಗ?

ಉತ್ತರ: ಇವೆ. ಯಾವುದನ್ನು ಆರಿಸಬೇಕು ಎಂಬುದನ್ನು ನಿಮ್ಮ ವಿಷಯಕ್ಕಿಂತ ಕೇಳುಗರು ಸದ್ಯ ಎಲ್ಲಿ ನಿಂತಿದ್ದಾರೆ ಎಂಬುದೇ ತೀರ್ಮಾನಿಸುತ್ತದೆ.

ಸಮಸ್ಯೆ ಇದೆ ಎಂದೇ ಅವರಿಗೆ ಗೊತ್ತಿಲ್ಲದಿದ್ದರೆ ಸಮಸ್ಯೆ, ಕಾರಣ, ಪರಿಹಾರದ ಕ್ರಮ ಸರಿ. ಇದರಲ್ಲಿ ಕಾರಣದ ಭಾಗವನ್ನು ಹಾರಿಸುವವರೇ ಹೆಚ್ಚು. ಕಾರಣ ತೋರಿಸದೆ ಪರಿಹಾರ ಮುಂದಿಟ್ಟರೆ, ಆ ಪರಿಹಾರದಿಂದ ಈ ಸಮಸ್ಯೆ ಹೇಗೆ ಹೋಗುತ್ತದೆ ಎಂಬ ಕೊಂಡಿ ಸಿಗುವುದಿಲ್ಲ. ‘ಮಕ್ಕಳು ಓದುತ್ತಿಲ್ಲ, ಹಾಗಾಗಿ ಗ್ರಂಥಾಲಯಕ್ಕೆ ಹೆಚ್ಚು ಪುಸ್ತಕ ತರಿಸಿ’ ಎಂದಿರಿ ಅನ್ನಿ. ಅವರು ಓದದಿರುವುದು ಪುಸ್ತಕ ಇಲ್ಲದ್ದಕ್ಕೋ, ಗ್ರಂಥಾಲಯ ಶಾಲೆ ಬಿಡುವ ಹೊತ್ತಿಗೇ ಬಾಗಿಲು ಹಾಕುವುದಕ್ಕೋ? ಎರಡನೆಯದಾದರೆ ಹೊಸ ಪುಸ್ತಕದ ಮೇಲೂ ದೂಳು ಕೂರುತ್ತದೆ.

ಸಮಸ್ಯೆ ಎಲ್ಲರಿಗೂ ಗೊತ್ತಿದ್ದು, ದಾರಿ ಯಾವುದು ಎಂಬುದರಲ್ಲಷ್ಟೇ ಜಗಳವಿದ್ದರೆ ಹೋಲಿಕೆಯ ಕ್ರಮ ಒಳ್ಳೆಯದು. ಒಂದೇ ನಿಮಿಷದಲ್ಲಿ ಸಮಸ್ಯೆ ಹೇಳಿ ಮುಗಿಸಿ, ಉಳಿದ ಹೊತ್ತೆಲ್ಲ ‘ನಮ್ಮ ಮುಂದಿರುವ ಎರಡು ದಾರಿಗಳಲ್ಲಿ ಇದು ಈ ಮೂರು ಕಾರಣಕ್ಕೆ ಮೇಲು’ ಎಂದು ತೋರಿಸಿ. ಎರಡೂ ದಾರಿಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಬೇಕು. ಒಂದರ ಖರ್ಚು ಹೇಳಿ ಇನ್ನೊಂದರ ಖರ್ಚು ನುಂಗಿದರೆ ಕೇಳುಗರಿಗೆ ತಕ್ಷಣ ಗೊತ್ತಾಗುತ್ತದೆ.

ಒಪ್ಪಿಗೆ ಇದೆ, ಕೆಲಸ ಮಾತ್ರ ಆಗುತ್ತಿಲ್ಲ ಎಂದಾದರೆ ಅಲನ್ ಮನ್ರೋ ಅವರ ಐದು ಮೆಟ್ಟಿಲಿನ ಕ್ರಮ ಹೊಂದುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಭಾಷಣಕಲೆ ಕಲಿಸುತ್ತಿದ್ದ ಅವರು 1930ರ ದಶಕದಲ್ಲಿ ರೂಪಿಸಿದ ಕ್ರಮ ಇದು. ಗಮನ ಸೆಳೆಯುವುದು, ಕೊರತೆ ತೋರಿಸುವುದು, ಅದನ್ನು ನೀಗುವ ದಾರಿ ಹೇಳುವುದು, ಹಾಗೆ ಮಾಡಿದರೆ ಏನಾಗುತ್ತದೆ ಎಂದು ಕಣ್ಣಿಗೆ ಕಟ್ಟಿಸುವುದು, ಕೊನೆಗೆ ಮಾಡಬೇಕಾದ್ದನ್ನು ಕೇಳುವುದು. 8 ನಿಮಿಷವನ್ನು ಹೀಗೆ ಹಂಚಬಹುದು: ಗಮನಕ್ಕೆ 45 ಸೆಕೆಂಡ್, ಕೊರತೆಗೆ 2 ನಿಮಿಷ, ದಾರಿಗೆ ಎರಡೂವರೆ, ಚಿತ್ರಣಕ್ಕೆ ಒಂದೂವರೆ, ಕೊನೆಯ ಕೋರಿಕೆಗೆ ಒಂದೂಕಾಲು. ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ಕೊರತೆಯ ಭಾಗ ಉಬ್ಬಿ ಐದು ನಿಮಿಷ ನುಂಗುವುದು. ಗೋಳು ಹೇಳಿಕೊಳ್ಳುವುದು ಸುಲಭ, ಮಾತು ತಾನಾಗಿ ಹರಿಯುತ್ತದೆ. ಆಮೇಲೆ ನಾಲ್ಕನೇ ಮೆಟ್ಟಿಲಿಗೆ ಸಮಯವೇ ಉಳಿಯುವುದಿಲ್ಲ. ‘ಎಲ್ಲವೂ ಸುಧಾರಿಸುತ್ತದೆ’ ಎಂದರೆ ಅದು ಚಿತ್ರಣವಲ್ಲ. ‘ಶನಿವಾರ ಬೆಳಿಗ್ಗೆ ವಾರ್ಡಿನಲ್ಲಿ ಒಂದು ಮಗುವಿಗೆ ಪ್ಲೇಟ್‌ಲೆಟ್ ಬೇಕಾದಾಗ, ಶುಕ್ರವಾರ ನೀವು ಕೊಟ್ಟದ್ದು ಫ್ರಿಜ್ಜಿನಲ್ಲಿರುತ್ತದೆ’ ಎಂದು ಹೇಳಬೇಡಿ, ಪ್ಲೇಟ್‌ಲೆಟ್‌ಗಳನ್ನು ಇಡುವುದು ಫ್ರಿಜ್ಜಿನಲ್ಲಲ್ಲ, ಕೋಣೆಯ ಉಷ್ಣತೆಯಲ್ಲಿ, ನಿಧಾನವಾಗಿ ಅಲುಗಿಸುತ್ತ. ಅಲ್ಲದೆ ತಪಾಸಣೆ ಮುಗಿಯದೆ ಅದನ್ನು ಕೊಡುವುದೂ ಇಲ್ಲ. ಕಣ್ಣಿಗೆ ಕಟ್ಟಿಸುವ ಹುಮ್ಮಸ್ಸಿನಲ್ಲಿ ಇಂಥ ತಪ್ಪು ನುಸುಳಿದರೆ ಸಭೆಯಲ್ಲಿರುವ ಒಬ್ಬ ನರ್ಸ್ ಸಾಕು, ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ಚಿತ್ರಣದ ವಾಕ್ಯಗಳನ್ನೇ ವಿಷಯ ಬಲ್ಲವರಿಗೆ ಮೊದಲು ತೋರಿಸಿ.

ಪ್ರಶ್ನೆ: ಕಚೇರಿಯಲ್ಲಿ ನಾನು ಎಲ್ಲರಿಗಿಂತ ಕಿರಿಯ. ದಿನಾ ಬೆಳಿಗ್ಗೆ ನಡೆಯುವ ಮೀಟಿಂಗನ್ನು ವಾರಕ್ಕೆ ಎರಡಕ್ಕೆ ಇಳಿಸಿ ಎಂದು ಹಿರಿಯರ ಮುಂದೆ ಹೇಳಲು 5 ನಿಮಿಷ ಸಿಕ್ಕಿದೆ. ನನ್ನ ಮಾತಿಗೆ ಎಲ್ಲಿಯ ಬೆಲೆ?

ಉತ್ತರ: ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅರಿಸ್ಟಾಟಲ್ ಇದಕ್ಕೆ ಉತ್ತರ ಹೇಳಿದ್ದಾನೆ. ಮಾತುಗಾರನ ಮೇಲಿನ ನಂಬಿಕೆ ಆತನ ಬಗ್ಗೆ ಮೊದಲೇ ಇರುವ ಅಭಿಪ್ರಾಯದಿಂದಲ್ಲ, ಆಡುವ ಮಾತಿನಿಂದಲೇ ಹುಟ್ಟಬೇಕು ಎನ್ನುತ್ತಾನೆ. ವಿಷಯದ ತಿಳಿವಳಿಕೆ, ಪ್ರಾಮಾಣಿಕತೆ, ಕೇಳುಗರ ಹಿತದ ಕಾಳಜಿ ಎಂಬ ಮೂರು ಕಂಡರೆ ನಂಬುತ್ತಾರೆ ಎಂಬುದು ಆತನ ಲೆಕ್ಕ. ಮೂರನ್ನೂ 5 ನಿಮಿಷದೊಳಗೆ ತೋರಿಸಬಹುದು.

ತಿಳಿವಳಿಕೆಗೆ ಒಂದು ಲೆಕ್ಕ ಇಡಿ. ಮೀಟಿಂಗಿನಲ್ಲಿ 12 ಜನ, ಒಂದೊಂದು ಸಲ 40 ನಿಮಿಷ, ವಾರಕ್ಕೆ 5 ದಿನ ಎಂದಾದರೆ ಒಟ್ಟು 40 ಗಂಟೆ, ಅಂದರೆ ದಿನಕ್ಕೆ 8 ಗಂಟೆಯಂತೆ ಒಬ್ಬರ ಇಡೀ ವಾರದ ದುಡಿಮೆ. ನಿಮ್ಮಲ್ಲಿ ಎಷ್ಟು ಎಂಬುದನ್ನು ಎರಡು ವಾರ ಗಡಿಯಾರ ನೋಡಿ ಬರೆದಿಡಿ, ಅಂದಾಜು ಹೇಳಬೇಡಿ. ಪ್ರಾಮಾಣಿಕತೆಗೆ, ಮೀಟಿಂಗ್ ಕಡಿಮೆಯಾದರೆ ಕಳೆದುಹೋಗುವುದನ್ನು ನೀವೇ ಮೊದಲು ಹೇಳಿ: ‘ತುರ್ತು ವಿಷಯ ಒಂದು ದಿನ ತಡವಾಗಿ ಗೊತ್ತಾಗುವ ಸಾಧ್ಯತೆ ಇದೆ. ಅದಕ್ಕೆ ಹೀಗೊಂದು ವ್ಯವಸ್ಥೆ ಯೋಚಿಸಿದ್ದೇನೆ.’ ಹಿತದ ಕಾಳಜಿ ಕಾಣಬೇಕಾದರೆ ಲಾಭವನ್ನು ಅವರ ಕಡೆಯಿಂದ ಹೇಳಿ. ನಿಮಗೆ ಬೆಳಿಗ್ಗೆ ಬೇಸರವಾಗುತ್ತದೆ ಎಂಬುದು ಅವರಿಗೆ ಕಾರಣವಲ್ಲ. ವರದಿಗಳು ಮಧ್ಯಾಹ್ನದ ಬದಲು ಬೆಳಿಗ್ಗೆಯೇ ಅವರ ಕೈ ಸೇರುತ್ತವೆ ಎಂಬುದು ಕಾರಣ.

ಎಷ್ಟು ಕೇಳಬೇಕು ಎಂಬುದೂ ಯೋಜನೆಯ ಭಾಗವೇ. ಮುಜಫರ್ ಶೆರಿಫ್ ಮತ್ತು ಕಾರ್ಲ್ ಹೋವ್‌ಲ್ಯಾಂಡ್ ಎಂಬ ಮನೋವಿಜ್ಞಾನಿಗಳು 1961ರಲ್ಲಿ ಮಂಡಿಸಿದ ವಿಚಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ಯಾವುದೇ ವಿಷಯದಲ್ಲಿ ಪ್ರತಿಯೊಬ್ಬರಿಗೂ ಒಪ್ಪಬಹುದಾದ ಒಂದು ವಲಯ, ಒಪ್ಪಲಾಗದ ಒಂದು ವಲಯ, ಹೂಂ ಊಹೂಂ ಎರಡೂ ಇಲ್ಲದ ನಡುವಿನ ವಲಯ ಇರುತ್ತವೆ. ಒಪ್ಪಲಾಗದ ವಲಯಕ್ಕೆ ಬಿದ್ದ ಮಾತು ಇದ್ದದ್ದಕ್ಕಿಂತ ಇನ್ನೂ ದೂರದ್ದಾಗಿ ಕೇಳಿಸುತ್ತದೆ. ಆದ್ದರಿಂದ ‘ಇನ್ನು ಮೇಲೆ ವಾರಕ್ಕೆ ಎರಡೇ’ ಎನ್ನುವ ಬದಲು ‘4 ವಾರ ಪ್ರಯೋಗಕ್ಕೆ ನೋಡೋಣ, ಕೊನೆಯ ಶುಕ್ರವಾರ ಈ ಮೂರು ಸಂಗತಿ ನೋಡಿ ತೀರ್ಮಾನಿಸೋಣ’ ಎಂದು ಕೇಳಿ. ಇದು ಹಿಂಜರಿಕೆಯ ಮಾತಲ್ಲ. ಹಿಂತೆಗೆದುಕೊಳ್ಳಬಹುದಾದ ನಿರ್ಧಾರಕ್ಕೆ ಒಪ್ಪಿಗೆ ಕೊಡುವುದು ಯಾರಿಗಾದರೂ ಸುಲಭ.

ಇನ್ನೊಂದು ಮಾತು. ‘ನಾನು ಚಿಕ್ಕವನು, ತಪ್ಪಿದ್ದರೆ ಕ್ಷಮಿಸಿ’ ಎಂದು ಶುರು ಮಾಡಬೇಡಿ. ಯಾರೂ ಯೋಚಿಸದಿದ್ದ ಅನುಮಾನವನ್ನು ನೀವಾಗಿಯೇ ಅವರ ಕೈಗೆ ಕೊಟ್ಟಂತೆ.

ಪ್ರಶ್ನೆ: ಎದುರಾಳಿಗಳ ವಾದವನ್ನು ನಮ್ಮ ಭಾಷಣದಲ್ಲಿ ಎತ್ತಬೇಕೇ? ಎತ್ತಿದರೆ ಅವರಿಗೇ ಪ್ರಚಾರ ಕೊಟ್ಟಂತೆ ಆಗುವುದಿಲ್ಲವೇ? ಶಾಲೆಯ ಮುಂದಿನ ರಸ್ತೆಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ಕಾರು ಬಿಡಬಾರದು ಎಂದು ಪೋಷಕರ ಸಭೆಯಲ್ಲಿ ಹೇಳಬೇಕಿದೆ. ಅರ್ಧಕ್ಕರ್ಧ ಜನ ಕಾರಿನಲ್ಲೇ ಮಕ್ಕಳನ್ನು ಬಿಡುವವರು.

ಉತ್ತರ: ನಿಮ್ಮ ಸಭೆಯಲ್ಲಿ ಎತ್ತಲೇಬೇಕು. ನೀವು ಎತ್ತದಿದ್ದರೂ ಅರ್ಧ ಜನರ ತಲೆಯಲ್ಲಿ ಅದೇ ಓಡುತ್ತಿರುತ್ತದೆ, ನಿಮ್ಮ ಮಾತು ಕಿವಿಗೆ ಬೀಳುವುದಿಲ್ಲ.

ಇದರ ಬಗ್ಗೆ ಹಳೆಯ, ಹೆಸರಾದ ಒಂದು ಅಧ್ಯಯನವಿದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಹೋವ್‌ಲ್ಯಾಂಡ್ ಮತ್ತು ಸಂಗಡಿಗರು ಅಮೆರಿಕದ ಸೈನಿಕರಿಗೆ ಎರಡು ಬಗೆಯ ಭಾಷಣ ಕೇಳಿಸಿದರು. ಜಪಾನ್ ವಿರುದ್ಧದ ಯುದ್ಧ ಬೇಗ ಮುಗಿಯುವುದಿಲ್ಲ ಎಂಬುದು ಎರಡರ ವಾದವೂ ಆಗಿತ್ತು. ಒಂದರಲ್ಲಿ ಆ ಪಕ್ಷದ ಮಾತಷ್ಟೇ, ಇನ್ನೊಂದರಲ್ಲಿ ಎದುರು ಪಕ್ಷದ ಅಂಶಗಳೂ ಇದ್ದವು. 1949ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೊದಲೇ ಒಪ್ಪಿದವರ ಮೇಲೆ ಒಂದೇ ಪಕ್ಷದ ಮಾತು ಹೆಚ್ಚು ನಾಟಿತು. ಮೊದಲು ಒಪ್ಪದಿದ್ದವರ ಮೇಲೆ ಎರಡೂ ಪಕ್ಷದ ಮಾತು ಹೆಚ್ಚು ಕೆಲಸ ಮಾಡಿತು. ನಂತರದ ಸಂಶೋಧನೆಗಳು ಇದಕ್ಕೆ ಒಂದು ಮುಖ್ಯ ತಿದ್ದುಪಡಿ ಸೇರಿಸಿದವು: ಎದುರು ವಾದವನ್ನು ಎತ್ತಿ, ಉತ್ತರಿಸದೆ ಹಾಗೇ ಬಿಟ್ಟರೆ ಎತ್ತದೇ ಇದ್ದದ್ದಕ್ಕಿಂತ ಕಡೆ. ನಿಮ್ಮ ಹೆದರಿಕೆ ನಿಜವಾಗುವುದು ಆಗಲೇ.

ಮಾಡುವ ರೀತಿ ಹೀಗೆ. ಆಕ್ಷೇಪವನ್ನು ಅವರು ಹೇಳುವಷ್ಟೇ ಗಟ್ಟಿಯಾಗಿ, ಅವರದೇ ಮಾತಲ್ಲಿ ಹೇಳಿ. ಅದರಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಒಪ್ಪಿ. ಆಮೇಲೆ ಉತ್ತರ, ಅದಕ್ಕೆ ಆಧಾರ. ಅಲ್ಲಿಂದ ಮತ್ತೆ ನಿಮ್ಮ ಅಂಶಕ್ಕೆ ಬನ್ನಿ. ಉದಾಹರಣೆಗೆ:

‘ಮಳೆ ಸುರಿಯುತ್ತಿರುವಾಗ ಏಳು ವರ್ಷದ ಮಗುವನ್ನು ನಡೆಸಿಕೊಂಡು ಬನ್ನಿ ಅಂತೀರಾ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಕಾರೇ ಬೇಡ ಎಂದು ನಾವು ಹೇಳುತ್ತಿಲ್ಲ. ಮೂಲೆಯ ಮೈದಾನದವರೆಗೆ ಕಾರು ಬರಲಿ, ಅಲ್ಲಿಂದ ಗೇಟಿಗೆ 150 ಮೀಟರ್. ಮಗುವಿನ ಹೆಜ್ಜೆಯಲ್ಲಿ ಎರಡು ಮೂರು ನಿಮಿಷ. ಆ 150 ಮೀಟರ್‌ನಲ್ಲಿ ಹಿಂದಕ್ಕೆ ತಿರುಗಿಸುವ ಕಾರು ಒಂದೂ ಇರುವುದಿಲ್ಲ.’

ಕೊನೆಯ ವಾಕ್ಯ ಗಮನಿಸಿ. ಆಕ್ಷೇಪದಿಂದ ಶುರುವಾದ ಮಾತು ನಿಮ್ಮ ಮುಖ್ಯ ಅಂಶದಲ್ಲಿ ಬಂದು ನಿಂತಿದೆ. ಅದಿಲ್ಲದಿದ್ದರೆ ಸಭೆಯ ಮನಸ್ಸು ಮಳೆಯಲ್ಲೇ ಉಳಿಯುತ್ತಿತ್ತು. ಬೇಕೆಂದೇ ಸಡಿಲ ಮಾಡಿದ ಎದುರು ವಾದವನ್ನು ಹೊಡೆದುರುಳಿಸಿ ಗೆದ್ದೆ ಎಂದುಕೊಳ್ಳುವ ಚಾಳಿಯೂ ಇದೆ. ‘ಕೆಲವರಿಗೆ ನಡೆಯಲು ಸೋಮಾರಿತನ’ ಎಂದರೆ ಕಾರಿನವರು ಅಲ್ಲಿಗೇ ಕಿವಿ ಮುಚ್ಚುತ್ತಾರೆ.

ಎಲ್ಲಿ ಇಡಬೇಕು? ವಿರೋಧ ಸೌಮ್ಯವಾಗಿದ್ದರೆ ಆಯಾ ಅಂಶದ ಕೊನೆಯಲ್ಲಿ. ಬಿಸಿಯಾಗಿದ್ದರೆ ಪೀಠಿಕೆ ಮುಗಿದ ಕೂಡಲೇ, ಎಲ್ಲಕ್ಕಿಂತ ಮೊದಲು. ಭಾಷಣದ ಕೊನೆಯ ಎರಡು ನಿಮಿಷದಲ್ಲಿ ಮಾತ್ರ ಬೇಡ, ಕೇಳುಗರು ಅದನ್ನೇ ನೆನಪಿಟ್ಟು ಮನೆಗೆ ಒಯ್ಯುತ್ತಾರೆ. ಎಷ್ಟು ಆಕ್ಷೇಪ ಎಂದರೆ ಎರಡು ಸಾಕು. ಏಳನ್ನು ಪಟ್ಟಿ ಮಾಡಿದರೆ, ಇಷ್ಟೊಂದು ತೊಡಕಿದೆಯೇ ಎಂದು ಒಪ್ಪಿದವರೂ ಹಿಂದೆ ಸರಿಯುತ್ತಾರೆ.

ಪ್ರಶ್ನೆ: ಅಂಕಿಅಂಶ ಎಷ್ಟು ಕೊಡಬೇಕು? ಕೊಟ್ಟರೆ ಜನ ಆಕಳಿಸುತ್ತಾರೆ, ಕೊಡದಿದ್ದರೆ ಆಧಾರವಿಲ್ಲ ಎನ್ನುತ್ತಾರೆ.

ಉತ್ತರ: ಒಂದು ಅಂಶಕ್ಕೆ ಒಂದು ಅಂಕಿ ಎಂದು ಕಟ್ಟುನಿಟ್ಟು ಮಾಡಿಕೊಳ್ಳಿ. ಓದುವವರು ಅಂಕಿಯ ಮೇಲೆ ಕಣ್ಣು ಮತ್ತೆ ಹಾಯಿಸಬಲ್ಲರು, ಕೇಳುವವರಿಗೆ ಆ ಅನುಕೂಲವಿಲ್ಲ. 4,87,312 ಎಂದು ಓದಿದರೆ ಯಾರ ತಲೆಗೂ ಹೋಗುವುದಿಲ್ಲ, ‘ಹತ್ತಿರ ಹತ್ತಿರ ಐದು ಲಕ್ಷ’ ಎಂದರೆ ಹೋಗುತ್ತದೆ.

ಮೂಲವನ್ನು ಅಂಕಿಗಿಂತ ಮೊದಲು ಹೇಳಿ. ಯಾರ ಲೆಕ್ಕ, ಯಾವ ವರ್ಷದ್ದು, ಆಮೇಲೆ ಎಷ್ಟು. ಮೊದಲು ಅಂಕಿ ಬಂದರೆ ಕೇಳುಗ ‘ಇದು ಎಲ್ಲಿಯದು’ ಎಂದು ಯೋಚಿಸುತ್ತಿರುವಾಗ ನೀವು ಮುಂದಿನ ವಾಕ್ಯದಲ್ಲಿರುತ್ತೀರಿ. ‘ಒಂದು ಅಧ್ಯಯನದ ಪ್ರಕಾರ’ ಎಂಬ ಮಾತನ್ನಂತೂ ಬಿಟ್ಟೇಬಿಡಿ. ಯಾರದ್ದೆಂದು ಗೊತ್ತಿಲ್ಲದಿದ್ದರೆ ಆ ಅಂಕಿ ಬೇಡ.

‘ಎರಡು ಪಟ್ಟು’, ‘ಶೇ 100 ಹೆಚ್ಚಳ’ ಎಂಬ ಮಾತುಗಳು ಕೈಕೊಡುತ್ತವೆ. ವರ್ಷಕ್ಕೆ 2 ಇದ್ದ ಅಪಘಾತ 4 ಆದರೂ ಎರಡು ಪಟ್ಟೇ, 2,000 ಇದ್ದದ್ದು 4,000 ಆದರೂ ಎರಡು ಪಟ್ಟೇ. ಮೂಲ ಸಂಖ್ಯೆ ಮುಚ್ಚಿಟ್ಟರೆ, ಪ್ರಶ್ನೋತ್ತರದ ಹೊತ್ತಿಗೆ ಯಾರೋ ಒಬ್ಬರು ಅದನ್ನು ಎತ್ತಿ ತೋರಿಸುತ್ತಾರೆ.

ಅಂಕಿಯ ಪಕ್ಕದಲ್ಲಿ ಒಬ್ಬ ವ್ಯಕ್ತಿಯ ಉದಾಹರಣೆ ಇಡಿ, ಆದರೆ ಅದು ಆ ಅಂಕಿಯನ್ನು ಪ್ರತಿನಿಧಿಸುವಂಥದ್ದಾಗಿರಲಿ. ಸಾವಿರದಲ್ಲೊಂದು ವಿಚಿತ್ರ ಪ್ರಕರಣ ಹೇಳಿ, ಎಲ್ಲ ಕಡೆ ಹೀಗೇ ಎಂದರೆ ಅದು ಮೋಸ.

ಪ್ರಶ್ನೆ: ಹೆದರಿಸಿದರೆ ಜನ ಬೇಗ ಬದಲಾಗುತ್ತಾರೆ ಅಲ್ಲವೇ?

ಉತ್ತರ: ಹೆದರಿಕೆ ಒಂದೇ ಇದ್ದರೆ ಮುಖ ತಿರುಗಿಸುತ್ತಾರೆ. ಅಪಾಯ ದೊಡ್ಡದು, ನನ್ನ ಕೈಲಿ ಏನೂ ಇಲ್ಲ ಎನಿಸಿದಾಗ ಮನುಷ್ಯ ಅಪಾಯದ ಬದಲು ಹೆದರಿಕೆಯನ್ನೇ ನಿಭಾಯಿಸಲು ಹೊರಡುತ್ತಾನೆ. ‘ಇದೆಲ್ಲ ಉತ್ಪ್ರೇಕ್ಷೆ’, ‘ನನಗೇನೂ ಆಗಲ್ಲ’ ಎಂಬ ಮಾತು ಬರುವುದು ಅಲ್ಲಿಂದ.

1965ರಲ್ಲಿ ಹೊವಾರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಹೆದರಿಸುವ ಬರಹ ಓದಲು ಕೊಟ್ಟರು. ಕೆಲವರಿಗೆ ಹೆಚ್ಚು ಭೀಕರವಾದದ್ದು, ಕೆಲವರಿಗೆ ಕಡಿಮೆ. ಚುಚ್ಚುಮದ್ದು ಹಾಕಿಸಿಕೊಳ್ಳಲು ನಿಜವಾಗಿ ಹೋದವರ ಸಂಖ್ಯೆಯನ್ನು ಬದಲಿಸಿದ್ದು ಭೀಕರತೆಯ ಪ್ರಮಾಣವಲ್ಲ. ಆರೋಗ್ಯ ಕೇಂದ್ರ ಗುರುತು ಮಾಡಿದ ನಕ್ಷೆ, ಅಲ್ಲಿಯ ಸಮಯ, ‘ನಿಮ್ಮ ವಾರದಲ್ಲಿ ಯಾವಾಗ ಹೋಗಬಹುದು ನೋಡಿಕೊಳ್ಳಿ’ ಎಂಬ ಸೂಚನೆ ಸಿಕ್ಕವರಲ್ಲಿ ಸುಮಾರು ಶೇ 28 ಮಂದಿ ಹೋದರು, ಅದು ಸಿಗದವರಲ್ಲಿ ಸುಮಾರು ಶೇ 3. ಕೇಂದ್ರ ಎಲ್ಲಿದೆ ಎಂಬುದು ಆ ವಿದ್ಯಾರ್ಥಿಗಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಇಷ್ಟು ಅಂತರ. ಹಾಗಾಗಿ ಹೆದರಿಸುವುದಕ್ಕೆ ಒಂದು ನಿಮಿಷ ಇಟ್ಟರೆ, ಎಲ್ಲಿಗೆ, ಎಷ್ಟು ಹೊತ್ತಿಗೆ, ಕೈಯಲ್ಲಿ ಏನು ಹಿಡಿದು ಹೋಗಬೇಕು ಎಂಬುದಕ್ಕೆ ಎರಡು ನಿಮಿಷ ಇಡಿ.

ಪ್ರಶ್ನೆ: ಶುರುವಿನ ವಾಕ್ಯವೇ ಹೊಳೆಯುತ್ತಿಲ್ಲ. ಅಲ್ಲೇ ಎರಡು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ಉತ್ತರ: ಅದನ್ನು ಕೊನೆಗೆ ಬರೆಯಿರಿ. ಒಳಗೆ ಏನಿದೆ ಎಂದು ತೀರ್ಮಾನವಾಗದೆ ಬಾಗಿಲು ಎಲ್ಲಿಡುವುದು? ಮೂರು ಅಂಶ ಸಿದ್ಧವಾದ ಮೇಲೆ, ಅವುಗಳಲ್ಲಿ ಕೇಳುಗರಿಗೆ ಅತಿ ಹತ್ತಿರವಾದ ಒಂದು ವಿವರ ಎತ್ತಿ ಮುಂದಿಡಿ, ಸಾಕಾಗುತ್ತದೆ. ‘ಈ ಕೋಣೆಯಲ್ಲಿ ಇವತ್ತು ಬೆಳಿಗ್ಗೆ ಕಳೆದ ಹೊತ್ತನ್ನು ಕೂಡಿದರೆ 8 ಗಂಟೆ’ ಎಂಬುದು ಮೀಟಿಂಗಿನ ಭಾಷಣಕ್ಕೆ ಸರಿಯಾದ ಆರಂಭ. ನಿಘಂಟಿನ ಅರ್ಥ, ದೊಡ್ಡವರ ಹೇಳಿಕೆ, ವಿಷಯಕ್ಕೆ ಸಂಬಂಧವಿಲ್ಲದ ನಗೆಹನಿ ಬೇಡ. ‘ನಿಮ್ಮಲ್ಲಿ ಎಷ್ಟು ಜನ ರಕ್ತ ಕೊಟ್ಟಿದ್ದೀರಿ, ಕೈ ಎತ್ತಿ’ ಎಂದು ಕೇಳುವುದಾದರೆ ಒಂದೂ ಕೈ ಏಳದಿದ್ದರೆ ಏನು ಹೇಳಬೇಕು, ಎಲ್ಲ ಕೈ ಎದ್ದರೆ ಏನು ಹೇಳಬೇಕು ಎರಡನ್ನೂ ಬರೆದಿಟ್ಟುಕೊಂಡು ಕೇಳಿ.

ಪ್ರಶ್ನೆ: ಪೂರ್ತಿ ಬರೆದು ಓದಬೇಕೇ, ಬಾಯಿಪಾಠ ಮಾಡಬೇಕೇ?

ಉತ್ತರ: ಎರಡೂ ಅಲ್ಲ. ಓದಿದರೆ ಕಣ್ಣು ಹಾಳೆಯಲ್ಲಿರುತ್ತದೆ, ಕೇಳುಗರ ಮುಖ ಕಾಣುವುದಿಲ್ಲ. ಬಾಯಿಪಾಠದಲ್ಲಿ ಒಂದು ವಾಕ್ಯ ಮರೆತರೆ ಅದರ ಮುಂದಿನದೆಲ್ಲ ಜಾರಿಹೋಗುತ್ತದೆ. ಸಿದ್ಧತೆಗೆ ಪೂರ್ತಿ ವಾಕ್ಯಗಳ ರೂಪುರೇಷೆ ಮಾಡಿ, ವೇದಿಕೆಗೆ ಚೀಟಿ ಒಯ್ಯಿರಿ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಮಾತ್ರ ಬಾಯಿಗೆ ಬರಲಿ.

ಅಂಗೈಯಗಲದ ದಪ್ಪ ಕಾಗದ, ಒಂದು ಅಂಶಕ್ಕೆ ಒಂದು ಚೀಟಿ, ಒಂದೇ ಬದಿಗೆ ಬರಹ, ಮೂಲೆಯಲ್ಲಿ ದಪ್ಪಗೆ ಕ್ರಮಸಂಖ್ಯೆ. ನಂಬರ್ ಹಾಕದ ಚೀಟಿಗಳು ಕೆಳಗೆ ಬಿದ್ದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ರಕ್ತದಾನದ ಭಾಷಣದ 2ನೇ ಚೀಟಿಯಲ್ಲಿ ಇಷ್ಟೇ ಇರಬೇಕು: ‘ಯಾರಾದರೂ ಕೊಡ್ತಾರೆ? – ಪ್ಲೇಟ್‌ಲೆಟ್ 5 ದಿನ – ಕೆಂಪುಕಣ 42 – ಕಳೆದ ವರ್ಷದ್ದು ಇಲ್ಲ – (3:00) – ಮುಂದೆ: ಹಾಗಾದರೆ ಕೊಟ್ಟವರಿಗೆ ನಿಶ್ಶಕ್ತಿ ಬರೋದಿಲ್ವಾ?’ ಆವರಣದಲ್ಲಿರುವುದು, ಈ ಚೀಟಿ ಮುಗಿಯುವಾಗ ಗಡಿಯಾರ ತೋರಿಸಬೇಕಾದ ಹೊತ್ತು. ಕೊನೆಯ ಸಾಲು ಮುಂದಿನ ಅಂಶಕ್ಕೆ ದಾಟುವ ವಾಕ್ಯ. ಈ ದಾಟುವ ವಾಕ್ಯಗಳನ್ನು ಮಾತ್ರ ಪೂರ್ತಿ ಬರೆದುಕೊಳ್ಳಿ. ಜನ ತಡವರಿಸುವುದು ಅಂಶದ ನಡುವೆಯಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ. ಅಲ್ಲಿ ‘ಮತ್ತೆ… ಆಮೇಲೆ… ಇನ್ನೊಂದು ವಿಷಯ ಏನಂದ್ರೆ’ ಶುರುವಾಗುತ್ತದೆ.

ನಿಂತುಕೊಂಡು, ದನಿ ತೆಗೆದು, ನಾಲ್ಕೈದು ಸಲ ಅಭ್ಯಾಸ ಮಾಡಿ. ಮನಸ್ಸಿನಲ್ಲೇ ಓದಿಕೊಂಡದ್ದು ಅಭ್ಯಾಸವಲ್ಲ, ಹೇಳಲು ಕಷ್ಟವಾದ ವಾಕ್ಯ ಅದರಲ್ಲಿ ಸಿಕ್ಕಿಬೀಳುವುದಿಲ್ಲ.

ಪ್ರಶ್ನೆ: ನಿಮಿಷಕ್ಕೆ ಎಷ್ಟು ಪದ ಲೆಕ್ಕ ಹಾಕಬೇಕು? ಅಲ್ಲಿ ಹೋದಮೇಲೆ ‘10 ನಿಮಿಷ ಇಲ್ಲ, 5ರಲ್ಲಿ ಮುಗಿಸಿ’ ಎಂದರೆ?

ಉತ್ತರ: ಇಂಗ್ಲಿಷ್ ಕೈಪಿಡಿಗಳು ಹೇಳುವ ನಿಮಿಷಕ್ಕೆ 130ರಿಂದ 150 ಪದ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಂಡು ಪದ ಉದ್ದವಾಗುತ್ತದೆ, ನಿಮಿಷಕ್ಕೆ ಕಡಿಮೆ ಪದ ಹಿಡಿಸುತ್ತದೆ. ನೀವು ಬರೆದ ಒಂದು ಪುಟವನ್ನು ಸಭೆಗೆ ಹೇಳುವ ವೇಗದಲ್ಲಿ ಓದಿ, ಮೊಬೈಲಿನಲ್ಲಿ ಹೊತ್ತು ನೋಡಿ. ಅದೇ ನಿಮ್ಮ ಲೆಕ್ಕ. ಕೊಟ್ಟ ಸಮಯದ ಹತ್ತರಲ್ಲಿ ಒಂಬತ್ತು ಪಾಲಿಗಷ್ಟೇ ಸಿದ್ಧ ಮಾಡಿ. ನಗು, ಚಪ್ಪಾಳೆ, ಮೈಕ್ ಸರಿಪಡಿಸುವುದು ಉಳಿದದ್ದನ್ನು ನುಂಗುತ್ತವೆ.

ಅರ್ಧಕ್ಕೆ ಇಳಿಸಬೇಕಾದಾಗ ಎಲ್ಲವನ್ನೂ ಎರಡರಷ್ಟು ವೇಗವಾಗಿ ಹೇಳುವುದು ಕೆಟ್ಟ ದಾರಿ. ಕಡಿಯುವ ಕ್ರಮವನ್ನು ಮನೆಯಲ್ಲೇ ಗುರುತು ಮಾಡಿಕೊಳ್ಳಿ. ಮೊದಲು ಎರಡನೇ ಉದಾಹರಣೆಗಳು ಹೋಗಲಿ, ಆಮೇಲೆ ಮೂರು ಅಂಶಗಳಲ್ಲಿ ನಡುವಿನದು ಇಡಿಯಾಗಿ ಹೋಗಲಿ. ದುರ್ಬಲ ಅಂಶವನ್ನು ನಡುವೆ ಇಡುವುದು ಹೇಗೂ ಒಳ್ಳೆಯದೇ, ಪಟ್ಟಿಯ ಮೊದಲಿನದೂ ಕೊನೆಯದೂ ಹೆಚ್ಚು ನೆನಪಿರುತ್ತವೆ. ಕೊನೆಯ ಕೋರಿಕೆಯನ್ನು ಮಾತ್ರ ಮುಟ್ಟಬೇಡಿ. ಸಮಯ ಮೀರಿದವರು ಸಾಮಾನ್ಯವಾಗಿ ಅದನ್ನೇ ಬಿಟ್ಟು ಕೂರುತ್ತಾರೆ, ಅಲ್ಲಿಗೆ ಬಂದ ಕೆಲಸವೇ ಆಗಲಿಲ್ಲ.

ಪ್ರಶ್ನೆ: ಸ್ಲೈಡ್ ಬೇಕೇ?

ಉತ್ತರ: 5 ನಿಮಿಷದ ಮಾತಿಗೆ ಬೇಡ. ಬೇಕೇ ಬೇಕೆಂದರೆ ಮಾತಲ್ಲಿ ಹೇಳಲಾಗದ್ದಕ್ಕೆ, ಉದಾಹರಣೆಗೆ ಶಾಲೆಯ ಮುಂದಿನ ರಸ್ತೆಯ ನಕ್ಷೆಗೆ, ಒಂದು. ನೀವು ಹೇಳುವ ವಾಕ್ಯಗಳೇ ಪರದೆಯ ಮೇಲಿದ್ದರೆ ಜನ ನಿಮಗಿಂತ ಮೊದಲು ಓದಿ ಮುಗಿಸಿ ಕಾಯುತ್ತಾರೆ.

ಪ್ರಶ್ನೆ: ಭಾಷಣ ಚೆನ್ನಾಗಿ ಆಗುತ್ತದೆ, ಆದರೆ ಆಮೇಲಿನ ಪ್ರಶ್ನೋತ್ತರದಲ್ಲಿ ಸಭೆ ಎಲ್ಲೆಲ್ಲೋ ಹೋಗಿ ಸಪ್ಪೆಯಾಗಿ ಮುಗಿಯುತ್ತದೆ.

ಉತ್ತರ: ಮುಕ್ತಾಯವನ್ನು ಎರಡು ತುಂಡು ಮಾಡಿ. ಮೂರು ಅಂಶ ಮುಗಿದ ಮೇಲೆ ‘ಕೊನೆಯ ಮಾತು ಹೇಳುವ ಮೊದಲು ನಿಮ್ಮ ಪ್ರಶ್ನೆಗಳಿಗೆ 5 ನಿಮಿಷ’ ಎಂದು ಹೇಳಿ. ಸಂಘಟಕರಿಗೆ ಇದನ್ನು ಮೊದಲೇ ತಿಳಿಸಿರಿ, ಇಲ್ಲದಿದ್ದರೆ ಪ್ರಶ್ನೆ ಮುಗಿದ ಕೂಡಲೇ ಅವರು ಮೈಕ್ ತೆಗೆದುಕೊಳ್ಳುತ್ತಾರೆ. ಪ್ರಶ್ನೆಗಳಾದ ಮೇಲೆ 30ರಿಂದ 40 ಸೆಕೆಂಡಿನ ಕೊನೆಯ ಮಾತು: ಕೋರಿಕೆ, ಅದನ್ನು ಈಗಲೇ ಮಾಡುವ ದಾರಿ. ಹೊಸ ವಿಚಾರ ಬೇಡ, ‘ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ’ ಎಂಬ ಬಾಲವೂ ಬೇಡ. ‘ಹೆಸರು ಬರೆಸುವ ಪಟ್ಟಿ ಹಿಂದಿನ ಬಾಗಿಲ ಬಳಿಯ ಮೇಜಿನ ಮೇಲಿದೆ. ಹೆಸರು, ತರಗತಿ, ಶುಕ್ರವಾರ ಯಾವ ಹೊತ್ತಿಗೆ ಬರುತ್ತೀರಿ, ಮೂರೇ ಕಲಂ. ಹೊರಗೆ ಹೋಗುವಾಗ ಬರೆದು ಹೋಗಿ.’ ಆ ಮೇಜಿನ ಮೇಲೆ ಒಂದಲ್ಲ, ನಾಲ್ಕು ಪೆನ್ನು ಇಟ್ಟಿರಿ. ಒಂದೇ ಪೆನ್ನಿಗೆ ಸಾಲು ನಿಂತರೆ ಹಿಂದಿನವರು ಆಮೇಲೆ ಬರುತ್ತೇನೆ ಎಂದು ಹೊರಡುತ್ತಾರೆ.